ಋಣದ ಲೆಕ್ಕ, ಹಿರಿಮೆಯ ಲೆಕ್ಕ

ವಿದ್ವಾಂಸನೊಬ್ಬನು ತನ್ನ ಬರಹದಲ್ಲಿ ಹಿಂದಿನವರ ಹೆಸರು ಹೇಳುವುದು ಋಣಸ್ಮರಣೆಯ ಒಂದು ರೀತಿ. ‘ಕವಿರಾಜಮಾರ್ಗ’ವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ನೆನೆದಿದೆ. ಅವರ ಕನ್ನಡ ಗದ್ಯ ನಮಗೆ ದೊರೆತಿಲ್ಲ. ಹೆಸರುಗಳು ಮಾತ್ರ ಆ ಸ್ಮರಣೆಯ ಪುಣ್ಯದಿಂದ ಉಳಿದಿವೆ. ಇಂತಹ ಉಲ್ಲೇಖಗಳನ್ನು ಎಣಿಸಿ ವಿದ್ವತ್ತಿಗೆ ಅಂಕ ಹಾಕುವ ಪದ್ಧತಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಅದರ ಹಿಂದೆ ವಕೀಲರ ಒಂದು ಅನುಕೂಲವಿದೆ. ಯಾವ ತೀರ್ಪನ್ನು ಮುಂದಿನ ಯಾವ ತೀರ್ಪು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ತಿಳಿಸುವ ಸೂಚಿಯನ್ನು ಅಮೆರಿಕದ ಫ್ರ್ಯಾಂಕ್ ಶೆಪರ್ಡ್ 1873ರಲ್ಲಿ ಆರಂಭಿಸಿದನು. ಅದೇ ಮಾದರಿಯನ್ನು ವಿಜ್ಞಾನಕ್ಕೂ ಅನ್ವಯಿಸಬೇಕೆಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೂಚಿಸಿ, 1964ರಲ್ಲಿ ವಿಜ್ಞಾನದ ಉಲ್ಲೇಖಸೂಚಿಯನ್ನು ಪ್ರಕಟಿಸಿದರು. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತೆಂದು ಹುಡುಕುವುದು ಅದರ ಉದ್ದೇಶವಾಗಿತ್ತು. 1970ರ ದಶಕದಲ್ಲಿ ಸಮಾಜವಿಜ್ಞಾನಗಳಿಗೂ ಅಂತಹ ಸೂಚಿ ಬಂದಿತು. ಅರ್ಥಶಾಸ್ತ್ರಜ್ಞರೂ ಎಣಿಕೆಗೆ ಸಿಕ್ಕರು. ಹುಡುಕುವ ಸಾಧನವು ಕ್ರಮೇಣ ಅಳೆಯುವ ಕೋಲಾಯಿತು.

ಆ ಕೋಲಿನಿಂದ ರೊನಾಲ್ಡ್ ಕೋಸ್ ಅವರನ್ನು ಅಳೆದು ನೋಡೋಣ. ಬೆಲೆಗಳೇ ಎಲ್ಲವನ್ನೂ ಹೊಂದಿಸುವುದಾದರೆ, ಒಡೆಯನ ಅಪ್ಪಣೆಯಂತೆ ನಡೆಯುವ ಉದ್ಯಮಸಂಸ್ಥೆಗಳು ಏಕೆ ಇವೆ? ಬೆಲೆ ವಿಚಾರಿಸುವುದಕ್ಕೆ, ಚೌಕಾಸಿಗೆ, ಕರಾರಿಗೆ ಖರ್ಚು ತಗಲುತ್ತದೆ; ಒಳಗೇ ಮಾಡಿಕೊಂಡರೆ ಆ ಖರ್ಚು ಕಡಿಮೆಯಾಗುವಲ್ಲಿ ಸಂಸ್ಥೆ ಹುಟ್ಟುತ್ತದೆ, ಇದು ಅವರ ಉತ್ತರ. 1932ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಡಂಡೀಯ ತರಗತಿಯಲ್ಲಿ ಹೇಳಿದ ಈ ವಿಚಾರ 1937ರಲ್ಲಿ ‘ಎಕನಾಮಿಕಾ’ ಪತ್ರಿಕೆಯಲ್ಲಿ ಅಚ್ಚಾಯಿತು. ತಮ್ಮ ಲೇಖನವನ್ನು ಉಲ್ಲೇಖಿಸಿದವರು ಬಹಳ, ಬಳಸಿದವರು ಅತ್ಯಲ್ಪ ಎಂಬ ಅರ್ಥದ ಮಾತನ್ನು 1972ರಲ್ಲಿ ಅವರೇ ಬರೆದರು. ಆಲಿವರ್ ವಿಲಿಯಮ್‌ಸನ್ ಮೊದಲಾದವರು ಆ ವಿಚಾರವನ್ನು ಬೆಳೆಸಿದ ಮೇಲೆ, 1991ರಲ್ಲಿ, ಎಂಬತ್ತರ ಕೋಸ್ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು. ಹೆಸರು ಹೇಳುವುದೇ ಬೇರೆ, ವಿಚಾರವನ್ನು ಬಾಳಿಸುವುದೇ ಬೇರೆ. ಎಣಿಕೆಗೆ ಈ ಭೇದ ಕಾಣದು.

2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಇನ್ನೊಂದು ಅಳತೆ ತಂದರು. ಹತ್ತು ಲೇಖನಗಳಿಗೆ ಹತ್ತಾದರೂ ಉಲ್ಲೇಖಗಳು ಸಿಕ್ಕಿ, ಹನ್ನೊಂದಕ್ಕೆ ಹನ್ನೊಂದು ಸಿಗದಿದ್ದರೆ ಅಂಕ ಹತ್ತು. ಐದೇ ಲೇಖನ ಬರೆದವನು ಲೋಕದ ಕಣ್ಣು ತೆರೆಸಿದರೂ ಅವನ ಅಂಕ ಐದನ್ನು ಮೀರದು!

ಕೂಡಿ ಬರೆದಾಗ ಲೆಕ್ಕ ಮತ್ತಷ್ಟು ಜಟಿಲ. ಅರ್ಥಶಾಸ್ತ್ರದಲ್ಲಿ ಸಹಲೇಖಕರ ಹೆಸರನ್ನು ಅಕ್ಷರಾನುಕ್ರಮದಲ್ಲಿ ಹಾಕುವುದು ಬಹುಕಾಲದ ರೂಢಿ; ಮೊದಲ ಹೆಸರಿನವನೇ ಮುಖ್ಯನೆನ್ನಲಾಗದು. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ ಮೊದಲ ಲೇಖನಕ್ಕೆ ನಾಣ್ಯ ಚಿಮ್ಮಿ ಹೆಸರಿನ ಕ್ರಮ ತೀರ್ಮಾನಿಸಿದರು. ಅವರು ಕೂಡಿ ಬರೆದ 1979ರ ‘ಎಕನಾಮೆಟ್ರಿಕಾ’ ಲೇಖನ ಅರ್ಥಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಟ್ವರ್ಸ್ಕಿ 1996ರಲ್ಲಿ ತೀರಿಕೊಂಡರು. 2002ರಲ್ಲಿ ನೊಬೆಲ್ ಕಾನೆಮನ್ ಅವರಿಗೆ ಮಾತ್ರ ಸಂದಿತು. ಎರಡು ಮನಸ್ಸುಗಳ ಸಂವಾದದಲ್ಲಿ ಹುಟ್ಟಿದ್ದನ್ನು ಯಾವ ತಕ್ಕಡಿ ಪಾಲು ಮಾಡೀತು?

ಅಳತೆಯೇ ಗುರಿಯಾದರೆ ಅಳತೆ ಕೆಡುತ್ತದೆಂಬ ಎಚ್ಚರಿಕೆಗೆ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿದೆ. ಹಣಕಾಸಿನ ನೀತಿಯನ್ನು ಕುರಿತು 1975ರಲ್ಲಿ ಅವರು ಆಡಿದ ಮಾತು ವಿದ್ವತ್ತಿಗೂ ಸಲ್ಲುತ್ತದೆ. ಉಲ್ಲೇಖವನ್ನು ಎಣಿಸಬಾರದೆಂದು ನಾನು ಹೇಳಲಾರೆ. ಪಕ್ಷಪಾತದ ಶಿಫಾರಸಿಗಿಂತ ಅಂಕಿ ಎಷ್ಟೋ ಮೇಲು. ಆದರೆ ತರುಣ ಸಂಶೋಧಕನೊಬ್ಬನ ಹುದ್ದೆಯನ್ನು ತೀರ್ಮಾನಿಸಲು ಕುಳಿತವರು ಅಂಕಿಯನ್ನು ನೋಡಿದ ಮೇಲೆ ಅವನ ಲೇಖನವನ್ನೂ ಒಮ್ಮೆ ಓದಬೇಕು. ಆ ಶ್ರಮಕ್ಕೆ ಬದಲಿ ಇಲ್ಲ.