ನೀರಿಗೆ ರೂಪ ಕೊಟ್ಟವರು



ಒಂದು ಹಾಳೆ, ಒಂದು ಪೆನ್ಸಿಲು ತೆಗೆದುಕೊಳ್ಳಿ. ಮರವೊಂದನ್ನು ಬಿಡಿಸಿ, ಕಷ್ಟವಿಲ್ಲ. ಮನೆಯನ್ನು ಬಿಡಿಸಿ, ಅದೂ ಸುಲಭ. ಈಗ ನೀರನ್ನು ಬಿಡಿಸಿ. ಕೈ ಒಂದು ಕ್ಷಣ ತಡೆಯುತ್ತದೆ, ಅಲ್ಲವೆ?

ನೀರಿಗೆ ತನ್ನದೆಂಬ ಆಕಾರವಿಲ್ಲ. ಕೊಡದಲ್ಲಿದ್ದರೆ ಕೊಡದ ಆಕಾರ, ಕೆರೆಯಲ್ಲಿದ್ದರೆ ಕೆರೆಯ ಆಕಾರ. ಬಣ್ಣವೂ ಹೊತ್ತಿಗೊಂದು ಬಗೆ. ಆದುದರಿಂದ ನೀರನ್ನು ಚಿತ್ರಿಸುವ ಕಲಾವಿದ ಅದರ ಯಾವುದಾದರೊಂದು ಗುಣವನ್ನು ಆರಿಸಿಕೊಳ್ಳಲೇಬೇಕು. ಆ ಕಾಲದ ಜನ ನೀರಿನಿಂದ ಏನನ್ನು ಬಯಸಿದರು, ನೀರಿನ ಯಾವ ಗುಣಕ್ಕೆ ಅಂಜಿದರು ಎಂಬುದು ಆ ಆಯ್ಕೆಯಲ್ಲಿ ನಮಗೆ ತಿಳಿಯುತ್ತದೆ. ಶಾಸನ, ನಾಣ್ಯಗಳಂತೆ ಇದೂ ಇತಿಹಾಸಕ್ಕೆ ಒಂದು ಆಧಾರ.

ಮೊದಲು ಪ್ರಾಚೀನ ಈಜಿಪ್ಟನ್ನು ನೋಡೋಣ. ಅಲ್ಲಿನ ಚಿತ್ರಲಿಪಿಯಲ್ಲಿ ಮೂರು ಅಂಕುಡೊಂಕು ಗೆರೆಗಳನ್ನು ಒಂದರ ಕೆಳಗೊಂದು ಎಳೆದರೆ ‘ನೀರು’ ಎಂದರ್ಥ. ಅದೇ ಗೆರೆ ಚಿತ್ರಕಲೆಗೂ ಬಂತು. ಥೀಬ್ಸ್ ನಗರದ ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಸುಮಾರು ಕ್ರಿ.ಪೂ. 1350ರಲ್ಲಿ ಬರೆದ ತೋಟದ ಚಿತ್ರವೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕೊಳವನ್ನು ಮೇಲಿನಿಂದ ಕಂಡಂತೆ, ಮೀನು, ಬಾತುಕೋಳಿ, ತಾವರೆಗಳನ್ನು ಪಕ್ಕದಿಂದ ಕಂಡಂತೆ ಬರೆದಿದ್ದಾರೆ. ಇದು ಚಿತ್ರಕಾರನ ತಪ್ಪಲ್ಲ. ಸತ್ತವನಿಗೆ ಮುಂದಿನ ಲೋಕದಲ್ಲಿ ಕೊಳ ಪೂರ್ತಿಯಾಗಿ ದೊರೆಯಬೇಕು. ಒಂದು ಮೀನೂ ಮರೆಯಾಗಬಾರದು. ಮಳೆ ತೀರ ಅಪರೂಪವಾದ ನಾಡಿನಲ್ಲಿ ನೀರೆಂದರೆ ಕೂಡಿಟ್ಟುಕೊಳ್ಳಬೇಕಾದ ಸಂಪತ್ತು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ನೀರನ್ನು ಕಲ್ಲಿನಲ್ಲಿ ಕಡೆದರು. ಮಧ್ಯಪ್ರದೇಶದ ವಿದಿಶೆಯ ಬಳಿಯಿರುವ ಉದಯಗಿರಿಯಲ್ಲಿ, 5ನೆಯ ಶತಮಾನದ ಆರಂಭದಲ್ಲಿ, ಸಮುದ್ರದಿಂದ ಭೂದೇವಿಯನ್ನು ಮೇಲೆತ್ತುವ ವರಾಹನ ಬೃಹತ್ ಶಿಲ್ಪವನ್ನು ಗುಪ್ತರ ಕಾಲದ ಶಿಲ್ಪಿಗಳು ಕೆತ್ತಿದರು. ಹಿಂದಿನ ಬಂಡೆಯ ಮೇಲೆ ಸಾಲು ಸಾಲಾಗಿ ಅಲೆಯ ಗೆರೆಗಳಿವೆ. ಪಕ್ಕದ ಗೋಡೆಗಳಲ್ಲಿ ಮಕರದ ಮೇಲೆ ಗಂಗೆ, ಆಮೆಯ ಮೇಲೆ ಯಮುನೆ ಇಳಿದು ಬಂದು ಕಡಲನ್ನು ಸೇರುತ್ತಾರೆ. ಭೂಮಿಯನ್ನು ಕಾಯುವ ವರಾಹನಲ್ಲಿ ನಾಡನ್ನು ಕಾಯುವ ದೊರೆಯ ಸೂಚನೆಯನ್ನು ಕಂಡ ವಿದ್ವಾಂಸರಿದ್ದಾರೆ. ಹಾಗೆ ಓದಿದರೆ ಗಂಗಾ ಯಮುನೆಯರ ಪ್ರವಾಹ ಅವನ ರಾಜ್ಯದ ಗುರುತೂ ಹೌದು.

ಸುಮಾರು ಎರಡು ಶತಮಾನಗಳ ನಂತರ ಪಲ್ಲವರ ಶಿಲ್ಪಿಗಳು ತಮಿಳುನಾಡಿನ ಮಾಮಲ್ಲಪುರದಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿನ ದೊಡ್ಡ ಬಂಡೆಯ ನಡುವೆ ಒಂದು ಸಹಜವಾದ ಸೀಳಿತ್ತು. ಅದರಲ್ಲಿ ನಾಗ ನಾಗಿಣಿಯರನ್ನು ಕಡೆದು ಸೀಳನ್ನೇ ನದಿಯನ್ನಾಗಿ ಮಾಡಿದರು. ಬಂಡೆಯ ಮೇಲ್ಭಾಗದಲ್ಲಿ ತೊಟ್ಟಿಯಿದ್ದ ಕುರುಹುಗಳಿವೆ. ವಿಶೇಷ ದಿನಗಳಲ್ಲಿ ಅಲ್ಲಿಂದ ನಿಜವಾದ ನೀರನ್ನೇ ಹರಿಯಬಿಡುತ್ತಿದ್ದಿರಬೇಕೆಂದು ಅನೇಕರು ಊಹಿಸಿದ್ದಾರೆ. ಇದು ಅರ್ಜುನನ ತಪಸ್ಸೋ ಭಗೀರಥನ ತಪಸ್ಸೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ದೇವತೆಗಳು, ಋಷಿಗಳು, ಆನೆಗಳು ಎಲ್ಲರೂ ಆ ಸೀಳಿನ ಕಡೆಗೇ ಸಾಗುತ್ತಿರುವುದನ್ನು ಗಮನಿಸಿ. ಗೆರೆ ಎಳೆದು ನೀರನ್ನು ತೋರಿಸದಿದ್ದರೂ, ಸುತ್ತಲಿನವರು ಅದರತ್ತ ನಡೆದು ಬರುವುದರಿಂದಲೇ ಅಲ್ಲಿ ನದಿಯಿದೆ ಎಂದು ನಮಗೆ ಗೊತ್ತಾಗುತ್ತದೆ.

ಈಗ ಕಾಲದಲ್ಲೂ ದೂರದಲ್ಲೂ ದೊಡ್ಡ ಹೆಜ್ಜೆಯಿಟ್ಟು ಜಪಾನಿಗೆ ಹೋಗೋಣ. ಸುಮಾರು 1831ರಲ್ಲಿ, ಎಪ್ಪತ್ತರ ವಯಸ್ಸಿನ ಹೊಕುಸಾಯ್ ಎಂಬ ಕಲಾವಿದ ಒಂದು ಮಹಾ ಅಲೆಯ ಚಿತ್ರವನ್ನು ರಚಿಸಿದ. ಅದನ್ನು ಮರದ ಹಲಗೆಗಳಲ್ಲಿ ಕೊರೆದು, ಕಾಗದದ ಮೇಲೆ ಅಚ್ಚೊತ್ತಿ, ಸಾಮಾನ್ಯರೂ ಕೊಳ್ಳಬಹುದಾದ ಬೆಲೆಗೆ ಮಾರಿದರು. ಅದರಲ್ಲಿ ಬಳಸಿದ ಗಾಢ ನೀಲಿ ಬಣ್ಣ 18ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ನಿನಲ್ಲಿ ಮೊದಲು ತಯಾರಾದದ್ದು; ಹೆಸರು ಪ್ರಷ್ಯನ್ ನೀಲಿ. ಹೊರದೇಶಗಳೊಡನೆ ವ್ಯಾಪಾರವನ್ನು ಬಿಗಿಯಾಗಿ ನಿಯಂತ್ರಿಸಿದ್ದ ಜಪಾನಿನೊಳಗೆ ಅದು ನಾಗಸಾಕಿ ಬಂದರಿನ ಮೂಲಕ ಬಂದಿತು.

ಚಿತ್ರವನ್ನು ನೋಡಿದವರ ಕಣ್ಣು ಮೊದಲು ಅಲೆಯ ಮೇಲೆ, ಆಮೇಲೆ ದೂರದಲ್ಲಿ ಪುಟ್ಟದಾಗಿ ಕಾಣುವ ಫ್ಯೂಜಿ ಪರ್ವತದ ಮೇಲೆ ಬೀಳುತ್ತದೆ. ಆದರೆ ಅಲೆಯ ಕೆಳಗೆ ಮೂರು ದೋಣಿಗಳಿವೆ. ಅವು ಹಸಿಮೀನನ್ನು ಬೇಗ ಪೇಟೆಗೆ ಸಾಗಿಸುವ ದೋಣಿಗಳು. ಹುಟ್ಟುಹಾಕುವವರು ಬೆನ್ನು ಬಗ್ಗಿಸಿ ದೋಣಿಗೆ ಅಂಟಿಕೊಂಡಿದ್ದಾರೆ. ಅಲೆ ಇನ್ನೂ ಬಿದ್ದಿಲ್ಲ. ಅವರು ಉಳಿದರೋ ಇಲ್ಲವೋ ಚಿತ್ರ ಹೇಳುವುದಿಲ್ಲ.

ಮುಂದೆ ಈ ಅಲೆ ಯೂರೋಪನ್ನು ಮುಟ್ಟಿತು. ಫ್ರಾನ್ಸಿನ ಸಂಗೀತಗಾರ ಡೆಬ್ಯುಸಿ ಸಮುದ್ರವನ್ನು ವಾದ್ಯವೃಂದದ ಧ್ವನಿಗಳಲ್ಲಿ ಮೂಡಿಸಿ ‘ಲಾ ಮೇರ್’ ಕೃತಿಯನ್ನು ರಚಿಸಿದ. 1905ರಲ್ಲಿ ಅದರ ಸ್ವರಲಿಪಿ ಪ್ರಕಟವಾದಾಗ ಹೊಕುಸಾಯ್‌ನ ಅಲೆಯನ್ನೇ ಅನುಸರಿಸಿದ ಚಿತ್ರ ಹೊದಿಕೆಯ ಮೇಲೆ ಬಂತು. ಆದರೆ ಪರ್ವತವೂ ಇಲ್ಲ, ದೋಣಿಗಳೂ ಇಲ್ಲ. ಅಲೆ ಮಾತ್ರ ಉಳಿದಿತ್ತು. ಎಡೊ ನಗರದ ಜನರಿಗೆ ಆ ಕಡಲು ದಿನದ ಮೀನು ಬರುವ ದಾರಿಯಾಗಿತ್ತು. ಪ್ಯಾರಿಸ್ಸಿನ ಶ್ರೋತೃವಿಗೆ ಅದು ಸೌಂದರ್ಯವಾಯಿತು. 2024ರಲ್ಲಿ ಜಪಾನ್ ಹೊರತಂದ ಸಾವಿರ ಯೆನ್ ನೋಟಿನ ಹಿಂಬದಿಗೂ ಇದೇ ಅಲೆ ಬಂದಿದೆ.

ಹೀಗೆ ನೀರಿನ ಚಿತ್ರವನ್ನು ಕಂಡಾಗ ‘ಎಷ್ಟು ಚೆನ್ನಾಗಿದೆ’ ಎಂದಷ್ಟೇ ಹೇಳಿ ಮುಂದೆ ಹೋಗಬೇಡಿ. ಆ ನೀರಿನ ಬಳಿ ಯಾರಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಕೇಳಿ. ನಮ್ಮ ಬಾದಾಮಿಯ ಮೂರನೆಯ ಗುಹೆಯಲ್ಲಿ, ಕ್ರಿ.ಶ. 578ರ ಶಾಸನವಿರುವಲ್ಲಿ, ಉದಯಗಿರಿಯ ಅದೇ ವರಾಹನ ಕಥೆ ಶಿಲ್ಪವಾಗಿದೆ. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದರೆ ಭೂದೇವಿ ಎಲ್ಲಿ ನಿಂತಿದ್ದಾಳೆ, ಕಡಲನ್ನು ಸೂಚಿಸಲು ಚಾಲುಕ್ಯರ ಶಿಲ್ಪಿ ಏನು ಮಾಡಿದ್ದಾನೆ ಎಂದು ನೀವೇ ನೋಡಿ ಬರೆದುಕೊಳ್ಳಿ. ಆಮೇಲೆ ಹೊರಗೆ ಬಂದು ಗುಹೆಗಳ ಕೆಳಗಿರುವ ಅಗಸ್ತ್ಯ ಕೆರೆಯನ್ನೂ ಸ್ವಲ್ಪ ಹೊತ್ತು ನೋಡಿ.