ಸೋರಾ, ನತ್ರ, ಸಾರಜನಕ

ಬೀದರ್ ಕೋಟೆಯಲ್ಲಿ ಮಳೆ, ಬಿಸಿಲು ತಾಗದ ಹಳೆಯ ಗೋಡೆಗಳ ಮೂಲೆಯ ಮಣ್ಣನ್ನು ಬಿದರಿ ಕಸುಬಿನವರು ನಾಲಿಗೆಗೆ ತಾಗಿಸಿ ನೋಡುವುದುಂಟು. ಅದನ್ನು ನವಸಾಗರದ ಜತೆ ನೀರಲ್ಲಿ ಕಾಯಿಸಿ, ಬೆಳ್ಳಿ ಕೂರಿಸಿದ ಹೂದಾನಿಯನ್ನು ಅದ್ದಿ ತೆಗೆದರೆ ಸತು-ತಾಮ್ರದ ಮೈ ಕಾಡಿಗೆಗಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣಿನಲ್ಲಿರುವ ಸೋರಾದ ಕೈವಾಡ ಇದು ಎನ್ನುತ್ತಾರೆ. ಸೋರಾ ಎಂದರೆ ಪೊಟ್ಯಾಸಿಯಂ ನೈಟ್ರೇಟ್. ಪಾರಸಿಯ ‘ಶೋರ್’ ಎಂದರೆ ಉಪ್ಪುಪ್ಪು; ಅದರಿಂದ ‘ಶೋರಾ’. ಕನ್ನಡದವರು ಇದನ್ನೇ ಪೆಟ್ಲುಪ್ಪು ಎಂದರು, ಪೆಟ್ಲು ಸಿಡಿಸುವ ಉಪ್ಪು. ಹೆಸರಲ್ಲೇ ಮದ್ದಿನ ವಾಸನೆ. ಇದೇ ಊರಿನ ಮಹಮೂದ್ ಗವಾನನ ಮದರಸಾದ ಒಂದು ಪಾಲು 17ನೆಯ ಶತಮಾನದ ಕೊನೆಗೆ ಕುಸಿದದ್ದು ಮದ್ದು ಸಿಡಿದೇ ಎಂದು ಹೇಳುತ್ತಾರೆ.

ಯುರೋಪಿನಲ್ಲಿ ಈ ಉಪ್ಪಿಗೆ ‘ನೈಟರ್’ ಎಂದು ಹೆಸರು. ಪದದ ತವರು ಈಜಿಪ್ಟ್. ಅಲ್ಲಿ ಹೆಣ ಕೊಳೆಯದಂತೆ ಒಣಗಿಸಲು ಬಳಸುತ್ತಿದ್ದ ಕೆರೆಯಂಚಿನ ಸೋಡಾ ಉಪ್ಪಿಗೆ ಅದು ಸಲ್ಲುತ್ತಿತ್ತು. ಗ್ರೀಕರಲ್ಲಿ ‘ನಿಟ್ರಾನ್’, ಅರಬರಲ್ಲಿ ‘ನತ್ರೂನ್’ ಆಗಿ, ನಡುವೆ ಎಲ್ಲೋ ಸೋಡಾವನ್ನು ಬಿಟ್ಟು ಪೆಟ್ಲುಪ್ಪಿಗೆ ಅಂಟಿಕೊಂಡಿತು. ಸೋಡಿಯಂನ ಲ್ಯಾಟಿನ್ ಹೆಸರು ನೇಟ್ರಿಯಂನಲ್ಲಿ ಮಾತ್ರ ಹಳೆಯ ಸಂಬಂಧ ಉಳಿದಿದೆ.

1772ರಲ್ಲಿ ಡೇನಿಯಲ್ ರುದರ್‌ಫರ್ಡ್ ಗಾಳಿಯೊಳಗಿನ ಒಂದು ಅನಿಲವನ್ನು ಬೇರ್ಪಡಿಸಿದ. ಅದರಲ್ಲಿ ಇಲಿ ಬದುಕದು, ದೀಪ ಉರಿಯದು. ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೇ ಅದನ್ನು ‘ಅಜೋಟ್’ ಎಂದ, ಜೀವವಿಲ್ಲದ್ದು. 1790ರಲ್ಲಿ ಶಾಪ್ಟಾಲ್ ‘ನೈಟ್ರೋಜನ್’ ಎಂದು ಕರೆದ, ನೈಟರನ್ನು ಹುಟ್ಟಿಸುವುದು.

ನಮ್ಮ ಕಡೆ ಈ ಹೆಸರು ಒಡೆದು ಹಂಚಿಹೋಯಿತು. ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಒಂದು ಗಡಿ ಮಹಾರಾಷ್ಟ್ರಕ್ಕೆ, ಇನ್ನೊಂದು ತೆಲಂಗಾಣಕ್ಕೆ ತಾಗುತ್ತದೆ. ಆಚೆಯ ಮರಾಠಿಯಲ್ಲಿ ಇದು ‘ನತ್ರ’, ತೆಲುಗಿನಲ್ಲಿ ‘ನತ್ರಜನಿ’. ಇಬ್ಬರೂ ಈಜಿಪ್ಟಿನ ಬೇರನ್ನು ಬಿಟ್ಟಿಲ್ಲ. ಬಂಗಾಳಿಗಳು ‘ಯವಕ್ಷಾರಜಾನ್’ ಎಂದು ಉಪ್ಪನ್ನು ಸಂಸ್ಕೃತಕ್ಕೆ ತಿರುಗಿಸಿಕೊಂಡರು. ಕನ್ನಡ ಆಮ್ಲಜನಕ, ಜಲಜನಕಗಳಲ್ಲಿ ಫ್ರೆಂಚರ ಜಾಡನ್ನೇ ಹಿಡಿದು, ಇಲ್ಲಿ ಮಾತ್ರ ದಾರಿ ಬದಲಿಸಿತು. ಉಪ್ಪೂ ಇಲ್ಲ, ಮದ್ದೂ ಇಲ್ಲ: ಸಾರಜನಕ. ಲವಾಸಿಯೇ ನಿರ್ಜೀವ ಎಂದದ್ದನ್ನು ಕನ್ನಡಿಗರು ಸತ್ವ ಹುಟ್ಟಿಸುವುದು ಎಂದರು. ಭಾಲ್ಕಿ ಕಡೆಯ ಹೊಲದಲ್ಲಿ ನಿಂತು ನೋಡಿದರೆ ಈ ಮಾತೇ ಸರಿ. ತೊಗರಿ, ಹೆಸರು, ಉದ್ದು, ಸೋಯಾ ಗಿಡ ಕಿತ್ತರೆ ಬೇರಿಗೆ ಅಂಟಿದ ಗಂಟುಗಳು ಕಾಣುತ್ತವೆ. ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತವೆ. (ರೈತರ ಬಾಯಲ್ಲಿ ಬರುವ ಮಾತು ಯೂರಿಯಾ, ಸಾರಜನಕ ಎನ್ನುವವರು ಕೃಷಿ ಇಲಾಖೆಯವರು.)

ಇಷ್ಟು ಒಳ್ಳೆಯ ಹೆಸರು ಎಂಜಿನ್ನಿನ ಬಿಸಿಯಲ್ಲಿ ಕೆಡುತ್ತದೆ. ಅಲ್ಲಿ ಸಾರಜನಕ, ಆಮ್ಲಜನಕ ಕೂಡಿ ಮೊದಲು ನೈಟ್ರಿಕ್ ಆಕ್ಸೈಡ್, ಹೊರಗಿನ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಕಂದು ಬಣ್ಣ, ಉಸಿರಿಗೆ ಉರಿ. ಕಂದಾಗಲು ಕಾರಣ, ಅದು ನೀಲಿ-ನೇರಳೆ ಬೆಳಕನ್ನು ನುಂಗುತ್ತದೆ. ಗಾಳಿಯಲ್ಲಿ ಈ ಅನಿಲ ಎಷ್ಟಿದೆ ಎಂದು ಲೇಸರಿನಿಂದ ಅಳೆಯುವ ಉಪಾಯ ನಿಂತಿರುವುದು ಈ ಗುಣದ ಮೇಲೆಯೇ. ಒಂದು ಮೀಟರ್ ಕೊಳವೆಯ ಎರಡು ತುದಿಗೆ ಶೇಕಡ 99.99ರಷ್ಟು ಬೆಳಕು ಮರಳಿಸುವ ಕನ್ನಡಿ. ಒಳಗೆ ಬ್ಲೂ-ರೇ ಡಿಸ್ಕ್ ಓದುವಂಥದೇ 405 ನ್ಯಾನೊಮೀಟರ್ ನೇರಳೆ ಲೇಸರ್. ಬೆಳಕು ಆಚೀಚೆ ಪುಟಿಯುತ್ತ ಸುಮಾರು 10 ಕಿ.ಮೀ. ಓಡುತ್ತದೆ, ಬೀದರಿನಿಂದ ಭಾಲ್ಕಿಗೆ ಹೋಗುವ ದಾರಿಯ ಕಾಲು ಭಾಗ. ಕಂದು ಅನಿಲ ಹೆಚ್ಚಿದ್ದಷ್ಟೂ ಬೆಳಕು ಬೇಗ ಆರುತ್ತದೆ. ಆರಲು ಹಿಡಿದ ಮೈಕ್ರೊಸೆಕೆಂಡುಗಳಲ್ಲೇ ಲೆಕ್ಕ. 1988ರಲ್ಲಿ ಓ’ಕೀಫ್ ಮತ್ತು ಡೀಕನ್ ತೋರಿಸಿದ ಉಪಾಯ. ಸಾಮಾನ್ಯ ಯಂತ್ರಗಳು ಈ ಅನಿಲವನ್ನು ಬಿಸಿ ಲೋಹದ ಮೇಲೆ ಮುರಿದು ಎಣಿಸುವಾಗ ನೈಟ್ರಿಕ್ ಆಮ್ಲದಂಥ ನೆಂಟರನ್ನೂ ಸೇರಿಸಿಬಿಡುತ್ತವೆ. ಲೇಸರಿನಲ್ಲಿ ಆ ಗೋಜಲು ಬಹಳ ಕಡಿಮೆ.

ನಮ್ಮ ದೇಶದ 2009ರ ಗಾಳಿಯ ಮಾನದಂಡದಲ್ಲಿ ಈ ಕಂದು ಅನಿಲದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 10. ಇದನ್ನು ‘ಸಾರಜನಕದ ಡೈಆಕ್ಸೈಡ್’ ಎಂದು ಬರೆಯಲು ನನಗಂತೂ ಕೈ ಬಾರದು. ಲಾರಿ ಹೊಗೆಯಲ್ಲಿ ಎಲ್ಲಿಯ ಸಾರ?