ಅಥಣಿ ರಸ್ತೆಯಲ್ಲಿ ಸಿನೆಮಾದ ಮಾತು



ಕಳೆದ ವಾರ ಪುಣೆಯಲ್ಲಿರುವ ಮೊಮ್ಮಗನು ದೂರವಾಣಿಯಲ್ಲಿ ಮಾತನಾಡುತ್ತ, "ಅಜ್ಜಾ, ಈಚಿಗೆ ಯಾವ ಸಿನೆಮಾ ನೋಡಿದಿ? ನೋಡೂವಂಥಾದ್ದು ಒಂದು ಹೇಳು" ಎಂದು ಕೇಳಿದನು. ಎರಡು ದಿನಗಳ ಹಿಂದೆಯಷ್ಟೇ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು 'ಬಂಗಾರದ ಮನುಷ್ಯ'ವನ್ನು ಎರಡನೆಯ ಸಲ ನೋಡಿದ್ದೆನು. ಮೊದಲ ಸಲ ನೋಡಿದ್ದು ಐವತ್ತು ವರ್ಷಗಳಿಗೂ ಹಿಂದೆ. ಹೆಸರು ಹೇಳಿದೆ. "ನೋಡಲೇನು ಹಂಗಾರ?" ಎಂದನು. ಆ ಪ್ರಶ್ನೆಗೆ ನನ್ನಿಂದ ತಟ್ಟನೆ ಉತ್ತರ ಬರಲಿಲ್ಲ. ಏಕೆಂಬುದನ್ನು ಹೇಳಬೇಕಾದರೆ ನಮ್ಮ ಅಥಣಿ ರಸ್ತೆಯಲ್ಲಿ ಸಿನೆಮಾದ ಮಾತು ಹೇಗೆ ಸಂಚರಿಸುತ್ತಿತ್ತೆಂಬುದನ್ನು ಮೊದಲು ಹೇಳಬೇಕು.

ವಿಜಯಪುರದಿಂದ ತಿಕೋಟಾ ದಾಟಿ ಪಶ್ಚಿಮಕ್ಕೆ ಸಾಗುವ ಈ ರಸ್ತೆ ಅಥಣಿಯನ್ನು ಹಾದು ಮಿರಜ, ಸಾಂಗಲಿ, ಕೊಲ್ಹಾಪುರಗಳ ಕಡೆಗೆ ಹೋಗುತ್ತದೆ. ಬೆಂಗಳೂರು ನಮಗೆ 500 ಕಿಲೋಮೀಟರಿಗೂ ಮೀರಿದ ದೂರ, ಕೊಲ್ಹಾಪುರ 200ರೊಳಗೆ. ಅಲ್ಲಿಯೇ 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿತು. 1933ರಲ್ಲಿ ಅದು ಪುಣೆಗೆ ಹೋಯಿತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಸಹ ಚಿತ್ರೀಕರಣಗೊಂಡದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದಲ್ಲಿ. ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರವು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಸುಬ್ಬಯ್ಯನಾಯ್ಡು, ತ್ರಿಪುರಾಂಬಾ ಅದರ ನಟರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ನೋಡಿದವರು ಹೇಳಿದ್ದು, ಬರೆದದ್ದು, ಕೆಲವು ಛಾಯಾಚಿತ್ರಗಳು, ಇಷ್ಟೇ ನಮ್ಮ ಪಾಲಿಗೆ ಬಂದ ಸುಲೋಚನಾ. ಒಂದು ಭಾಷೆಯ ಮೊದಲ ಚಿತ್ರವೇ ಬರಿಯ ಮಾತಾಗಿ ಉಳಿದಿದೆ ಎಂಬುದನ್ನು ನಾನು ಆಗಾಗ್ಗೆ ಯೋಚಿಸುತ್ತೇನೆ.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಿನೆಮಾ ಎಂದರೆ ಹಿಂದಿ, ಇಲ್ಲವೇ ಮರಾಠಿ. ನನ್ನ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಚಿತ್ರಮಂದಿರದ ಹೊಸ್ತಿಲನ್ನು ಆಕೆ ಒಮ್ಮೆಯೂ ತುಳಿಯಲಿಲ್ಲ. ಆದರೂ ಪ್ರಭಾತದವರ 'ಸಂತ ತುಕಾರಾಮ'ದ (1936) ಕಥೆಯನ್ನು ಮೊದಲಿನಿಂದ ಕಡೆಯವರೆಗೆ ಬಲ್ಲವಳಾಗಿದ್ದಳು. ಅದನ್ನು ಹೇಳಿದವನು ನನ್ನ ಸೋದರಮಾವ. ಬೆಲ್ಲದ ಗಾಡಿಯೊಡನೆ ಆ ಕಡೆ ಹೋಗಿ ಬರುತ್ತಿದ್ದವನು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ಕಥೆ ಹೇಳಲಾರಂಭಿಸಿದರೆ ಸಿನೆಮಾಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಗಂಡಸರು ಕಟ್ಟೆಯ ಸುತ್ತ, ಹೆಂಗಸರು ಎದುರು ಮನೆಯ ಕತ್ತಲ ಪಡಸಾಲೆಯಲ್ಲಿ. ತುಕಾರಾಮನು ವೈಕುಂಠಕ್ಕೆ ಹೊರಟನೆಂದಾಗ ಪಡಸಾಲೆಯಿಂದ ಮೂಗು ಸೊರೆಯುವ ಸಪ್ಪಳ ಕೇಳುತ್ತಿತ್ತೆಂದು ಮಾವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದನು. ಅವನು ಸೇರಿಸಿದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಆ ಚಿತ್ರವನ್ನು ನಾನೇ ನೋಡಿದಾಗ. ತುಕಾರಾಮನ ಹೆಂಡತಿಯ ಬಿರುಸು ಮಾತುಗಳನ್ನು ಮಾವ ಪೂರ್ತಿ ನುಂಗಿಬಿಟ್ಟಿದ್ದನು! ಪಡಸಾಲೆಯಲ್ಲಿ ಅತ್ತೆಯೂ ಇರುತ್ತಿದ್ದಳಲ್ಲವೇ.

ನಮ್ಮ ಜನ ಸಿನೆಮಾವನ್ನು ತೂಗುತ್ತಿದ್ದ ತಕ್ಕಡಿ ಬೇರೆ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ಕಂದಗಲ್ಲ ಹನುಮಂತರಾಯರ ನಾಟಕಗಳನ್ನು ಬೆಳತನಕ ಕುಳಿತು ನೋಡಿದವರು ಅವರು. ಹಾಡು ಕಿವಿಗೆ ನಿಲ್ಲಬೇಕು, ಮಾತು ಎದೆಗೆ ನಾಟಬೇಕು. ಅವರ ವಿಮರ್ಶೆಯೂ ಚುಟುಕು: "ರೊಕ್ಕಕ್ಕ ಮೋಸಿಲ್ಲ ನೋಡಪಾ." ಇದಕ್ಕಿಂತ ದೊಡ್ಡ ಪ್ರಶಸ್ತಿ ಅಥಣಿ ರಸ್ತೆಯಲ್ಲಿ ಇರಲಿಲ್ಲ. ಹಾಡಿನ ಮಾತು ಬಂದರೆ ಜಿಲ್ಲೆಯವರಿಗೆ ಒಂದು ಅಭಿಮಾನವೂ ಇತ್ತು. ಆಗ ನಮ್ಮ ಜಿಲ್ಲೆಯಲ್ಲಿಯೇ ಇದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದ ಹಾಡುಗಳು ದೇಶವನ್ನೆಲ್ಲ ತಿರುಗಿದ್ದವು. ಕಲಕತ್ತೆಯ ರಾಕ್ಸಿಯಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ನಡೆಯಿತು. ಬಿಜಾಪುರದ ಅಮೀರ್ ಟಾಕೀಸಿನ ಹೆಸರು ಆಕೆಯದೇ.

ಜಾತ್ರೆಯ ದಿನಗಳಲ್ಲಿ ಟೂರಿಂಗ್ ಟಾಕೀಸಿನ ತಂಬು ಬರುತ್ತಿತ್ತು. ನೆಲದ ಮೇಲೆ ಕುಳಿತು ನೋಡುವುದು, ರೀಲು ಬದಲಿಸುವಾಗ ಸಿಳ್ಳು, ಮಳೆ ಬಂದರೆ ಓಟ. ಇದನ್ನೆಲ್ಲ ನೀವೂ ಅನುಭವಿಸಿದವರೇ, ವಿಸ್ತರಿಸುವುದಿಲ್ಲ. ಬಸವಣ್ಣನ ಜಿಲ್ಲೆಯವರಾದ ನಮಗೆ 1959ರ 'ಜಗಜ್ಯೋತಿ ಬಸವೇಶ್ವರ' ಬಂದಾಗ ಮಾತ್ರ ಹಿರಿಯರು ತಂಬುವಿನೊಳಗೆ ಕೈ ಮುಗಿದು ಕುಳಿತಿದ್ದು ನೆನಪಿದೆ.

ಈಗ 1972ಕ್ಕೆ ಬರುತ್ತೇನೆ. ಆಗ ನಾನು ಈ ರಸ್ತೆಯ ಮೇಲಿನ ಒಂದು ಪ್ರೌಢಶಾಲೆಯಲ್ಲಿ ಹೊಸದಾಗಿ ಸೇರಿದ ಇತಿಹಾಸದ ಶಿಕ್ಷಕ. ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳಿಂದ ಹುಡುಗರು ಬರುತ್ತಿದ್ದರು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ 'ಬಂಗಾರದ ಮನುಷ್ಯ' ಆ ವರ್ಷದ ಮಾರ್ಚ್ 31ರಂದು ಬಿಡುಗಡೆಯಾಯಿತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳಷ್ಟು ಕಾಲ ನಡೆದ ಚಿತ್ರವದು. ಪಟ್ಟಣದ ಕೆಲಸ ಬಿಟ್ಟು ಯುವಕರು ಒಕ್ಕಲುತನಕ್ಕೆ ಮರಳಿದರೆಂಬ ಸುದ್ದಿಗಳೂ ಹಬ್ಬಿದವು. ನಾನು ಬಿಜಾಪುರದಲ್ಲಿ ಅದನ್ನು ನೋಡಿದ್ದು ಅದೇ ಸಾಲಿನ ಮಳೆಗಾಲದಲ್ಲಿ. ಮಳೆಗಾಲವೆಂಬುದು ಹೆಸರಿಗೆ ಮಾತ್ರ. ಮಹಾರಾಷ್ಟ್ರವನ್ನೂ ನಮ್ಮ ಜಿಲ್ಲೆಗಳನ್ನೂ ಸುಟ್ಟ ಬರಗಾಲದ ವರ್ಷವದು. ಹೊರಗೆ ಬಿರುಕು ಬಿಟ್ಟ ಎರೆನೆಲ. ಒಳಗೆ ತೆರೆಯ ಮೇಲೆ ತುಂಬಿದ ಪೈರು, ಬರಡನ್ನು ಬಂಗಾರ ಮಾಡುವ ರಾಜೀವಪ್ಪ. ಆ ಹಸಿರನ್ನು ಕಂಡು ಕಣ್ಣೀರು ತಂದುಕೊಂಡವನು ನಾನೊಬ್ಬನೇ ಅಲ್ಲ.

ಮರುದಿನ ಎಸ್ಸೆಸ್ಸೆಲ್ಸಿ ವರ್ಗದಲ್ಲಿ ಪಾಠ ಬಿಟ್ಟು ಪೂರ್ತಿ ಒಂದು ತಾಸು ಆ ಚಿತ್ರದ ಕಥೆಯನ್ನೇ ಹೇಳಿದೆ. ಸೋದರಮಾವನ ರಕ್ತ ನನ್ನಲ್ಲೂ ಹರಿಯುತ್ತದೆಯಷ್ಟೇ. ಬಂಡೆಯನ್ನು ಒಡೆದು ಹೊಲ ಮಾಡಿದ್ದು, ದುಡಿಮೆ, ಹಠ, ಫಲ. "ಎಲ್ಲರೂ ನೋಡ್ರಿ" ಎಂದು ಆಜ್ಞೆಯನ್ನೇ ಮಾಡಿದೆ. ಮುಂದಿನ ಬೆಂಚಿನ ಒಬ್ಬ ಹುಡುಗ, ಗಣಿತದಲ್ಲಿ ಬಲು ಚುರುಕು, ಬಿಜಾಪುರಕ್ಕೆ ಹೋಗಿ ಎರಡು ಸಲ ನೋಡಿ ಬಂದನು. ತಿಂಗಳೊಳಗೆ ಶಾಲೆ ಬಿಟ್ಟನು. ಅಪ್ಪನ ಆರೆಕರೆ ಒಣಭೂಮಿಯಲ್ಲಿ ಬಾವಿ ತೋಡುತ್ತಾನೆಂದು ಉಳಿದವರು ಸಂತೋಷದಿಂದ ಹೇಳಿದರು. ನನಗೂ ಹೆಮ್ಮೆಯೆನಿಸಿತು. ಸುಳ್ಳೇಕೆ ಹೇಳಲಿ, ಶಿಕ್ಷಕರ ಕೊಠಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡೆ. 30 ಅಡಿಗೆ ಕಗ್ಗಲ್ಲು ಬಿತ್ತು. ಸಾಲ ತಂದು ಸುರಂಗ ಹಾರಿಸಿದರು. ನೀರು ಬೀಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದವರ ಸಾಲಿನಲ್ಲಿ ಅಪ್ಪ, ಅವ್ವ, ಮಗ ಮೂವರನ್ನೂ ಬಸ್ಸಿನ ಕಿಟಕಿಯಿಂದ ಕಂಡೆ. ಬಸ್ಸು ನಿಂತಿರಲಿಲ್ಲ, ನಿಂತಿದ್ದರೂ ನಾನು ಇಳಿಯುತ್ತಿದ್ದೆನೆಂದು ಹೇಳಲಾರೆ.

ಬಳಿಕ ಅವರು ಕಬ್ಬು ಕಡಿಯಲು ಸಾಂಗಲಿಯ ಕಡೆ ಹೋದರೆಂದು ತಿಳಿಯಿತು. ಅವನನ್ನು ಮತ್ತೆ ಭೇಟಿಯಾದದ್ದು 1994ರಲ್ಲಿ, ಇದೇ ರಸ್ತೆಯ ಬಸ್ಸಿನಲ್ಲಿ. ಎದ್ದು ನಿಂತು ತನ್ನ ಸೀಟನ್ನು ನನಗೆ ಬಿಟ್ಟುಕೊಟ್ಟನು. ಮಿರಜದಲ್ಲಿ ಹಮಾಲಿ ಮಾಡುತ್ತಿದ್ದನು. ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದರು. ನಾನು ತಡವರಿಸುತ್ತ ಆ ಬಾವಿಯ ಮಾತು ತೆಗೆದೆ. ಅವನು ನಕ್ಕನು.

"ಅದಕ್ಕೇನ್ರಿ ಸರ್ರ, ಮಳಿ ನಿಮ್ಮ ಕೈಯಾಗಿತ್ತೇನು? ಆದರ ಕಡೀಕ ಅಂವಾ ಮನಿ ಬಿಟ್ಟ ಹೋಗ್ತಾನಲ್ರಿ, ಅದನ್ನ ನೀವು ವರ್ಗದಾಗ ಹೇಳಲೇ ಇಲ್ಲ."

ಆ ಮಾತು ನಿಜವಾಗಿತ್ತು. ಆ ಚಿತ್ರ ಪೈರಿನಲ್ಲಿ ಮುಗಿಯುವುದಿಲ್ಲ. ಅಕ್ಕನ ಮನೆಯನ್ನು ಎತ್ತಿ ನಿಲ್ಲಿಸಿದ ರಾಜೀವಪ್ಪನು ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ತಾನೇ ಸಾಕಿದ ಅಕ್ಕನ ಮಗನಿಂದ ನಿಂದೆ ಕೇಳುತ್ತಾನೆ. ಬರಿಗೈಯಲ್ಲಿ ಊರು ಬಿಟ್ಟು ನಡೆದುಬಿಡುತ್ತಾನೆ. ನೋಡುವಾಗ ನಾನೂ ಅತ್ತಿದ್ದೆ. ಆದರೆ ವರ್ಗದಲ್ಲಿ ಹೇಳುವಾಗ ಅದು ಪಾಠಕ್ಕೆ ಒಗ್ಗದೆಂದು ಬಿಟ್ಟಿದ್ದೆ. ಹುಡುಗನು ಎರಡು ಸಲ ನೋಡಿದವನು, ಅಂತ್ಯ ಅವನಿಗೆ ಗೊತ್ತಿತ್ತು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅವನು ನೋಡಿದ್ದು ನಾನು ಹೇಳಿದ ಚಿತ್ರವನ್ನು. ತುಕಾರಾಮನ ಹೆಂಡತಿಯನ್ನು ನುಂಗಿದ ಮಾವನಿಗೂ ನನಗೂ ಏನು ವ್ಯತ್ಯಾಸ?

ಇಂದು ಅಥಣಿ ರಸ್ತೆಯಲ್ಲಿ ಹೋದರೆ ತಿಕೋಟಾದ ಆಸುಪಾಸಿನಲ್ಲಿ ದ್ರಾಕ್ಷಿಯ ಚಪ್ಪರಗಳು, ಮನೂಕ ಒಣಗಿಸುವ ಶೆಡ್ಡುಗಳು ಕಾಣುತ್ತವೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೂ ಏರಿ ಬಂದಿದೆ. ಅದೇ ಚಿತ್ರ, ಅದೇ ಹಠ, ನಲವತ್ತು ವರ್ಷ ತಡವಾಗಿ ಬಂದಿದ್ದರೆ ಆ ಹುಡುಗನ ಲೆಕ್ಕ ಬೇರೆಯಾಗುತ್ತಿತ್ತೋ ಏನೋ. ಅವನ ಆರೆಕರೆ ಈಗ ಬೇರೆಯವರ ತೋಟ.

ಮೊಮ್ಮಗನಿಗೆ ಕಡೆಗೆ ಹೇಳಿದ್ದಿಷ್ಟು: ನೋಡು. ರಾಜಕುಮಾರರ ಮುಖವನ್ನು, ಅದರಲ್ಲಿಯೂ ಕಡೆಯ ಇಪ್ಪತ್ತು ನಿಮಿಷಗಳಲ್ಲಿ, ನೋಡು. ಎರಡು ದಿನ ಬಿಟ್ಟು 1977ರ 'ಘಟಶ್ರಾದ್ಧ'ವನ್ನೂ ನೋಡು; ಗಿರೀಶ ಕಾಸರವಳ್ಳಿಯವರ ಆ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಂತೆ.

"ಕಥಿ ಏನೈತಿ ಅಜ್ಜಾ?" ಎಂದನು.

ಹೇಳಲಿಲ್ಲ.